ಶ್ವಾನಪರೀಕ್ಷೆ: ಚಿಕ್ಕಬಳ್ಳಾಪುರದ ಸ್ಥಳಕಥೆಯೂ ಆತಕೂರಿನ ಕಲ್ಲೂ ಟೆರಿಯರ್ ನಾಯಿಯ ಕಣವೂ

ಚಿಕ್ಕಬಳ್ಳಾಪುರವು ಹುಟ್ಟಿದ ಬಗೆಯನ್ನು ಆ ಸೀಮೆಯ ಜನರು ಒಂದು ಬೇಟೆಯ ಕಥೆಯಿಂದ ವಿವರಿಸುವುದುಂಟು. ಆವತಿಯ ಪಾಳೆಯಗಾರನಾದ ಮಲ್ಲಬೈರೇಗೌಡನ ಮಗ ಮರಿಗೌಡನು ಕೋಡಿಮಂಚೇನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿರಲು, ಮೊಲವೊಂದು ಓಡಿಹೋಗದೆ, ಉಗ್ರವಾದ ಬೇಟೆನಾಯಿಗಳ ಇದಿರಿನಲ್ಲಿ ಅಂಜದೆ ಅಳುಕದೆ ನಿಂತುಕೊಂಡಿತಂತೆ. ಇದನ್ನು ಕಂಡು ಬೆರಗಾದ ದೊರೆಯು ಈ ಕೆಚ್ಚು ಆ ನೆಲದ ಮತ್ತು ಅಲ್ಲಿಯ ಜನರ ಗುಣವೆಂದು ಬಗೆದು, ವಿಜಯನಗರದ ಅರಸರ ಅಪ್ಪಣೆಯನ್ನು ಪಡೆದು, ಅಲ್ಲಿಯೇ ಕೋಟೆಯನ್ನು ಕಟ್ಟಿಸಿ ಪೇಟೆಯನ್ನು ನೆಲೆಗೊಳಿಸಿದನೆಂದು ಪ್ರತೀತಿ. ಇದು ನಡೆದ ಕಾಲವನ್ನು ಕ್ರಿ. ಶ. ೧೪೭೯ ಎಂದು ಸಾಂಪ್ರದಾಯಿಕವಾಗಿ ಹೇಳುತ್ತಾರೆ.

ಇಂಥ ಕಥೆ ಚಿಕ್ಕಬಳ್ಳಾಪುರಕ್ಕೆ ಮಾತ್ರ ಮೀಸಲಾದುದಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ವಿಜಯನಗರದ ಸ್ಥಾಪನೆಯ ವಿಷಯದಲ್ಲಿಯೂ ಇದೇ ಕಥೆ ಸಲ್ಲುತ್ತದೆ. ಹದಿನಾರನೆಯ ಶತಮಾನದಲ್ಲಿ ಆ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜನು, ಬೇಟೆಗೆ ಹೋದ ದೊರೆಯ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಕಚ್ಚಿದುದನ್ನೂ, ದೊರೆಯು ಆ ವಿಸ್ಮಯವನ್ನು ತಪಸ್ವಿಯೊಬ್ಬನಿಗೆ ತಿಳಿಸಲು ಆತನು ಅಲ್ಲಿಯೇ ಪಟ್ಟಣವನ್ನು ಕಟ್ಟೆಂದುದನ್ನೂ ಬರೆದಿಟ್ಟಿದ್ದಾನೆ. ಒಂದು ಊರಿನಿಂದ ಇನ್ನೊಂದು ಊರಿಗೆ ಅಲೆಯುವ ಕಥೆಯಿದು, ಇದರಲ್ಲಿ ಚರಿತ್ರೆಯ ಅಂಶವೇನೂ ಇಲ್ಲ ಎಂದು ಇತಿಹಾಸಕಾರರು ಇದನ್ನು ಬದಿಗಿಡುವುದು ವಾಡಿಕೆ. ಮರಿಗೌಡನು ಮೊಲವನ್ನು ಕಂಡನೇ ಇಲ್ಲವೇ ಎಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಆದರೆ ಕಥೆಯನ್ನು ಕಟ್ಟಿದವರು, ಕೇಳಿದವರು, ನಂಬಿದವರು ಯಾವ ತಿಳಿವಳಿಕೆಯನ್ನು ಆಧಾರವಾಗಿಟ್ಟುಕೊಂಡಿದ್ದರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಥೆಯಲ್ಲಿ ಮೊಲದ ಮಾತು ಎದ್ದು ಕಾಣುವುದರಿಂದ ನಾಯಿಯ ಮಾತು ಮರೆಯಾಗಿಬಿಡುತ್ತದೆ. ಮೊಲವು ನಿಂತುದು ಒಂದು ಕುರಿಯ ಮುಂದೆಯಾಗಿದ್ದರೆ, ಅಥವಾ ಬೀದಿಯ ಬಡಕಲು ನಾಯಿಯ ಮುಂದೆಯಾಗಿದ್ದರೆ, ಕೋಟೆ ಏಳುತ್ತಿರಲಿಲ್ಲ. ಅರಮನೆಯ ಬೇಟೆನಾಯಿ ಎಂಥದೆಂಬುದು ಕೇಳುವವರಿಗೆ ಮೊದಲೇ ಗೊತ್ತಿರಬೇಕು. ಅದು ಸೋಲುವ ನಾಯಿಯಲ್ಲವೆಂದು ಒಪ್ಪಿರಬೇಕು. ಆಗಲೇ ಮೊಲದ ನಿಲುವಿಗೆ ಬೆಲೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಂತೆ ಇಲ್ಲಿ ನೆಲವನ್ನು ನಾಯಿಗೆ ತಿಕ್ಕಿ ನೋಡಲಾಗಿದೆ. ಒರೆಗಲ್ಲೇ ಸಂದೇಹಾಸ್ಪದವಾದರೆ ಚಿನ್ನದ ಮಾತೇ ಇಲ್ಲ. ಆದಕಾರಣ ಈ ಸ್ಥಳಕಥೆಯ ಹಿಂದೆ, ಒಳ್ಳೆಯ ನಾಯಿ ಯಾವುದು, ಅದನ್ನು ಅರಿಯುವುದು ಹೇಗೆ ಎಂಬ ಒಂದು ಶ್ವಾನಪರೀಕ್ಷೆಯ ಸಂಪ್ರದಾಯವಿದ್ದಿರಬೇಕೆಂದು ಊಹಿಸಲು ಅವಕಾಶವುಂಟು. ಅದರ ಸ್ವರೂಪವನ್ನು ಕನ್ನಡನಾಡಿನ ಶಾಸನಗಳಿಂದ ಎಷ್ಟರಮಟ್ಟಿಗೆ ತಿಳಿಯಬಹುದು, ಇಂದು ಜಾತಿನಾಯಿಗಳ ಪ್ರದರ್ಶನಗಳಲ್ಲಿ, ವಿಶೇಷವಾಗಿ ಟೆರಿಯರ್ ನಾಯಿಗಳ ವಿಷಯದಲ್ಲಿ, ನಡೆಯುವ ತೀರ್ಪಿಗೂ ಅದಕ್ಕೂ ಇರುವ ಅಂತರವೇನು ಎಂಬುದು ಪ್ರಕೃತ ವಿಚಾರ.

ಪ್ರಾಸಂಗಿಕವಾಗಿ ಒಂದು ಮಾತು. ಆವತಿಯ ವಂಶದಲ್ಲಿ ಮತ್ತೆ ಮತ್ತೆ ಬರುವ 'ಬೈರೇಗೌಡ' ಎಂಬ ಹೆಸರು ಭೈರವನ ಹೆಸರು. ಮೊರಸುನಾಡಿನ ಒಕ್ಕಲಿಗರಿಗೆ ಭೈರವನು ಆರಾಧ್ಯದೈವ. ಕೋಲಾರದ ಸೀತಿಬೆಟ್ಟದ ಭೈರವನ ಸನ್ನಿಧಿ ಅವರಿಗೆ ಪವಿತ್ರಸ್ಥಾನ. ಭೈರವನ ವಾಹನವಾದರೋ ನಾಯಿ. ನಾಯಿಯನ್ನೇರಿದ ದೇವರ ಹೆಸರನ್ನು ಹೊತ್ತ ಮನೆತನವು ತನ್ನ ಊರಿನ ಹುಟ್ಟುಕಥೆಯಲ್ಲಿ ನಾಯಿಗಳನ್ನು ಹಿಂದೆಗೆಯುವಂತೆ ಮಾಡಿರುವುದು ಸ್ವಾರಸ್ಯವಾಗಿದೆ. ತನ್ನದೇ ನಾಯಿಯ ಸೋಲನ್ನು ತಾನೇ ಸಾರಿಕೊಂಡವನ ಸಾಕ್ಷ್ಯಕ್ಕೆ ತೂಕ ಹೆಚ್ಚು ಎಂಬ ನ್ಯಾಯ ಇಲ್ಲಿ ಕೆಲಸ ಮಾಡಿದೆಯೆಂದು ತೋರುತ್ತದೆ.

ನಾಯಿಯನ್ನು ಪರೀಕ್ಷಿಸುವ ಶಾಸ್ತ್ರ ಭರತಖಂಡದಲ್ಲಿ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗೋಲಕ್ಷಣವನ್ನು ಹೇಳಿದಂತೆ ಶ್ವಲಕ್ಷಣವನ್ನೂ ಹೇಳಿದ್ದಾನೆ. ಮೂರು ಕಾಲುಗಳಲ್ಲಿ ಐದೈದು ಉಗುರು, ಬಲಗಡೆಯ ಮುಂಗಾಲಿನಲ್ಲಿ ಮಾತ್ರ ಆರು; ತುಟಿಯೂ ಮೂಗಿನ ತುದಿಯೂ ತಾಮ್ರವರ್ಣ; ಸಿಂಹದ ನಡಿಗೆ; ನೆಲವನ್ನು ಮೂಸುತ್ತ ಹೋಗುವ ಅಭ್ಯಾಸ; ಕೂದಲು ತುಂಬಿದ ಬಾಲ; ಕರಡಿಯ ಕಣ್ಣು; ಜೋಲುವ ಮೃದುವಾದ ಕಿವಿ: ಇಂಥ ನಾಯಿ ಯಾರ ಮನೆಯಲ್ಲಿ ಬೆಳೆಯುವುದೋ ಅವರಿಗೆ ಬೇಗನೆ ಐಶ್ವರ್ಯ ಲಭಿಸುವುದೆಂದು ಅವನ ಮತ. ಹೆಣ್ಣುನಾಯಿಗೆ ಬೇರೆ ಲಕ್ಷಣ. ಅದರ ಆರನೆಯ ಉಗುರು ಎಡಗಡೆಯ ಮುಂಗಾಲಿನಲ್ಲಿರಬೇಕು. ಉಗುರನ್ನು ಎಣಿಸುವ, ಕಿವಿಯನ್ನು ಮುಟ್ಟಿನೋಡುವ ಈ ಕ್ರಮ ಮೇಲುನೋಟಕ್ಕೆ ಇಂದಿನ ಪ್ರದರ್ಶನದ ತೀರ್ಪುಗಾರನ ಕ್ರಮವನ್ನೇ ಹೋಲುತ್ತದೆ. ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ವರಾಹಮಿಹಿರನು ಬಯಸಿದ್ದು ನಾಯಿಯ ಯೋಗ್ಯತೆಯನ್ನಲ್ಲ, ಒಡೆಯನ ಭಾಗ್ಯವನ್ನು. ಆ ನಾಯಿ ಹಂದಿಯನ್ನು ಹಿಡಿಯುವುದೇ, ಮನೆಯನ್ನು ಕಾಯುವುದೇ ಎಂಬುದರ ಗೊಡವೆ ಅವನಿಗಿಲ್ಲ.

ಕನ್ನಡನಾಡಿನ ಅರಸನೇ ಬರೆದ ಸಂಸ್ಕೃತಗ್ರಂಥದಲ್ಲಿ ದೃಷ್ಟಿ ಬೇರೆಯಾಗಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (೧೧೨೬-೧೧೩೮) ತನ್ನ ಮಾನಸೋಲ್ಲಾಸದ ವಿನೋದಗಳ ಭಾಗದಲ್ಲಿ ಆನೆ, ಕುದುರೆ, ಕೋಳಿಗಳ ವಿನೋದಗಳ ಸಾಲಿನಲ್ಲಿಯೇ 'ಸಾರಮೇಯವಿನೋದ'ವೆಂದು ನಾಯಿಗಳಿಗೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇಲ್ಲಿ ನಾಯಿ ಶಕುನವಲ್ಲ. ಬೇಟೆಯ ಸಲಕರಣೆ, ಅರಸನ ಕಣ್ಣಿಗೆ ಹಬ್ಬ. ಇದಕ್ಕೂ ಬಹು ಹಿಂದೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಯಿಗಳ ಹಿಂಡನ್ನು ಇಟ್ಟುಕೊಂಡು ಕಾಡನ್ನು ಸುತ್ತುವ ಬೇಡರ ಮಾತು ಬಂದಿದೆ. ಆದರೆ ಅಲ್ಲಿ ಅವರು ಕಾವಲಿನ ಒಂದು ಅಂಗವೇ ಹೊರತು ಅವರ ನಾಯಿಗಳ ಗುಣದೋಷಗಳ ವಿಚಾರವಿಲ್ಲ.

ಜಾತಿನಾಯಿಯನ್ನು ಪರರಿಗೆ ತೋರಿಸಿ ಮೆಚ್ಚಿಸುವ ಪ್ರಸಂಗಗಳಲ್ಲಿ ಅತಿ ಪ್ರಾಚೀನವಾದುದು ಯವನ ಲೇಖಕರಿಂದ ತಿಳಿದುಬರುತ್ತದೆ. ಕ್ರಿ. ಪೂ. ೩೨೬ರಲ್ಲಿ ಅಲೆಕ್ಸಾಂಡರನು ಪಂಜಾಬಿಗೆ ಬಂದಾಗ ಅಲ್ಲಿಯ ದೊರೆಯೊಬ್ಬನು, ಯವನರು ಸೋಪೈಥೀಸ್ ಎಂದು ಕರೆದವನು, ನೂರೈವತ್ತು ನಾಯಿಗಳನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟನಂತೆ. ಅವುಗಳ ಜಾತಿಯನ್ನು ರುಜುವಾತುಪಡಿಸಲು ಎರಡನ್ನು ಸಿಂಹವೊಂದರ ಮೇಲೆ ಬಿಟ್ಟರು. ಅವು ಸೋಲುವಂತೆ ಕಾಣಲು ಮತ್ತೆರಡನ್ನು ಬಿಟ್ಟರು. ಕಚ್ಚಿಹಿಡಿದ ಒಂದು ನಾಯಿಯ ಕಾಲನ್ನು ಕತ್ತರಿಸಿದರೂ ಅದು ಹಿಡಿತವನ್ನು ಬಿಡಲಿಲ್ಲವೆಂದು ಸ್ಟ್ರಾಬೋ ಮುಂತಾದವರು ಬರೆದಿದ್ದಾರೆ. ಪರೀಕ್ಷೆಯು ಕ್ರೂರವಾದುದು, ಕಥೆಯಲ್ಲಿ ಅತಿಶಯೋಕ್ತಿಯೂ ಬೆರೆತಿರಬಹುದು. ಆದರೂ ನಾಯಿಯ ಜಾತಿಗೆ ಅದರ ಕೃತ್ಯವೇ ಪ್ರಮಾಣವೆಂಬ ಅಭಿಪ್ರಾಯ ಇಲ್ಲಿ ಸ್ಪಷ್ಟ.

ಈ ಅಭಿಪ್ರಾಯಕ್ಕೆ ಕನ್ನಡದಲ್ಲಿ ದೊರೆತ ಅತ್ಯುತ್ತಮ ಸಾಕ್ಷ್ಯವೆಂದರೆ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು, ಆಮೇಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ ಈ ಕಲ್ಲು ಶಕ ೮೭೨ನೆಯ ಸೌಮ್ಯ ಸಂವತ್ಸರದ್ದು, ಎಂದರೆ ಕ್ರಿ. ಶ. ೯೪೯-೫೦ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧಮಾಡಿದಾಗ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನೆಂಬ ಸಂಗತಿಗೆ ಇದು ಮುಖ್ಯ ಆಧಾರವಾದುದರಿಂದ ಇತಿಹಾಸಕಾರರ ಲಕ್ಷ್ಯವೆಲ್ಲ ಆ ಕಡೆಗೇ ಹರಿದಿದೆ. ಬೂತುಗನು ಚೋಳನನ್ನು ಕೊಂದ ಬಗೆಯನ್ನು ಹೇಳುವ ಮಾತಿನಲ್ಲಿರುವ 'ಬಿಸುಗೆ' ಎಂಬ ಶಬ್ದವನ್ನು ಮೊದಲು ಅಪ್ಪುಗೆಯೆಂದು ತಿಳಿದು, ಬೂತುಗನ ಮೇಲೆ ವಿಶ್ವಾಸಘಾತದ ಆರೋಪವನ್ನು ಹೊರಿಸಿದ್ದೂ, ಅದು ಆನೆಯ ಮೇಲಣ ಪೀಠವೆಂದು ಅನಂತರ ಅರ್ಥ ತಿದ್ದಿದ್ದೂ ಹಳಗನ್ನಡದ ಅಭ್ಯಾಸಿಗಳಿಗೆ ಪಾಠದಂತಿದೆ. ಒಂದು ಶಬ್ದವನ್ನು ಅರಿಯದಿದ್ದರೆ ವೀರನು ದ್ರೋಹಿಯಾಗುತ್ತಾನೆ.

ಆ ಚರ್ಚೆಯ ಸಂಭ್ರಮದಲ್ಲಿ ಕಲ್ಲು ಯಾರಿಗಾಗಿ ನಿಂತಿತೆಂಬುದು ಹಿಂದಾಯಿತು. ಕಲ್ಲಿನ ಮೇಲೆ ಕೆತ್ತಿರುವುದು ಕೃಷ್ಣನನ್ನಲ್ಲ, ಬೂತುಗನನ್ನಲ್ಲ. ಹಂದಿಯೊಡನೆ ಹೋರಾಡುತ್ತಿರುವ ಒಂದು ನಾಯಿಯನ್ನು. ಶಾಸನದ ಕಥೆ ಹೀಗಿದೆ. ಸಗರವಂಶದ ಮಣಲೆರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ದೊರೆ ಕೊಟ್ಟನು. ಆ ನಾಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಬಿಡಲು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗದ ಮಣ್ಣನ್ನು ಕೊಟ್ಟರು.

ಈ ವಾಕ್ಯಗಳನ್ನು ಒಂದು ದಸ್ತಾವೇಜಿನಂತೆ ಓದಿದರೆ ಅದರ ರಚನೆ ಎಷ್ಟು ಬಿಗಿಯಾಗಿದೆಯೆಂಬುದು ಗೊತ್ತಾಗುತ್ತದೆ. ನಾಯಿಯ ಹೆಸರಿದೆ. ಅದು ಯಾರಲ್ಲಿತ್ತು, ಯಾರಿಂದ ಯಾರ ಕೈಗೆ, ಯಾವ ಕಾರಣದಿಂದ ಬಂದಿತೆಂಬುದಿದೆ. ನಾಡು, ಊರು, ದಿಕ್ಕು, ಗುಡ್ಡ ಇವುಗಳ ಮೂಲಕ ಸ್ಥಳನಿರ್ದೇಶವಿದೆ. ಇದಿರಾಳಿ ಹೇಳಿದೆ, ಅದು ಬರಿಯ ಹಂದಿಯಲ್ಲ, ಹಿರಿಯ ಹಂದಿ. ಫಲವನ್ನು ಯಾವ ಅಲಂಕಾರವೂ ಇಲ್ಲದೆ, ಎರಡೂ ಸತ್ತವೆಂದು ಹೇಳಿದೆ. ತಕ್ಕೋಲದ ಯುದ್ಧವೇ ಈ ದೃಷ್ಟಿಯಿಂದ ನಾಯಿಯ ಒಡೆತನದ ಚರಿತ್ರೆಯಲ್ಲಿ ಒಂದು ಪೂರ್ವಪೀಠಿಕೆಯಾಗುತ್ತದೆ. ಇಂದು ಜಾತಿನಾಯಿಯೊಂದಕ್ಕೆ ಕೊಡುವ ವಂಶಾವಳಿಯ ಪತ್ರದಲ್ಲಿ ಇರಬೇಕಾದ ಅಂಶಗಳಲ್ಲಿ ಹೆಸರು, ಒಡೆತನ ಮೊದಲಾದ ಕೆಲವು ಇಲ್ಲಿವೆ. ಆ ಪತ್ರದಲ್ಲಿ ಸಾಮಾನ್ಯವಾಗಿ ಇರದ ಅಂಶ, ಎಂದರೆ ನಾಯಿ ಮಾಡಿದ ಕೆಲಸ, ಇಲ್ಲಿ ಮುಖ್ಯವಾಗಿದೆ.

ಇಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಕಾಳಿಯ ಎತ್ತರವಿಲ್ಲ, ಮೈಬಣ್ಣವಿಲ್ಲ, ಕಿವಿ ನಿಮಿರಿತ್ತೋ ಜೋಲಿತ್ತೋ ಹೇಳಿಲ್ಲ. ಹೆಸರಿನಿಂದ ಕಪ್ಪುನಾಯಿಯೆಂದೂ ಹೆಣ್ಣೆಂದೂ ಊಹಿಸಬಹುದು. 'ನಾಯ್' ಎಂಬುದು ಕನ್ನಡದಲ್ಲಿ ನಪುಂಸಕವಾದ ಕಾರಣ ವ್ಯಾಕರಣದಿಂದ ಯಾವ ಸಹಾಯವೂ ದೊರೆಯುವುದಿಲ್ಲ, ಹೆಸರೊಂದನ್ನೇ ನೆಚ್ಚಿ ನಿಶ್ಚಯಿಸುವುದು ಸಾಹಸವಾದೀತು. ರೂಪವನ್ನು ಹೇಳದಿರುವುದು ಅಜ್ಞಾನದಿಂದಲ್ಲ. ಅರಸನೇ ಬೇಡೆಂದಾಗ ಊರನ್ನೋ ಪದವಿಯನ್ನೋ ಮೊದಲು ಬೇಡದೆ ನಾಯಿಯನ್ನು ಬೇಡಿದ ಮಣಲೆರನು ನಾಯಿಯ ಮೈಕಟ್ಟನ್ನು ಅರಿಯದವನಾಗಿದ್ದನೆಂದು ನಂಬುವುದು ಕಷ್ಟ. ಅವನು ಆ ನಾಯನ್ನು ಕಣ್ಣಾರೆ ನೋಡಿ, ಅದರ ಓಟವನ್ನೂ ಹಿಡಿತವನ್ನೂ ತೂಗಿ, ಇದೇ ಬೇಕೆಂದು ತೀರ್ಮಾನಿಸಿದ್ದನು. ಕನ್ನಡದ ಶಾಸನಗಳಲ್ಲಿ ಒಬ್ಬ ಶ್ವಾನಪರೀಕ್ಷಕನ ತೀರ್ಪು ಸ್ಪಷ್ಟವಾಗಿ ಕಾಣುವುದು ಈ ಬೇಡಿಕೆಯಲ್ಲಿಯೇ. ಆ ತೀರ್ಪಿನ ಕಾರಣಗಳನ್ನು ಕಲ್ಲು ಹೇಳುವುದಿಲ್ಲ, ಏಕೆಂದರೆ ಅದರ ಸಮರ್ಥನೆ ಬೆಳತೂರಿನ ಮೊರಡಿಯಲ್ಲಿ ಆಗಿಹೋಗಿತ್ತು. ಮಣಲೆರನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಕೋಟೆಯೂರೂ ದೊರೆತವೆಂಬುದು ಅದೇ ಕಲ್ಲಿನಿಂದ ತಿಳಿಯುತ್ತದೆ; ಆದರೂ ಅವನು ಬಾಯಿಬಿಟ್ಟು ಬೇಡಿದುದು ಕಾಳಿಯನ್ನು.

ಚಿಕ್ಕಬಳ್ಳಾಪುರದ ಕಥೆಗೂ ಈ ಕಲ್ಲಿಗೂ ಇರುವ ಸಂಬಂಧ ಇಲ್ಲಿ ತೋರುತ್ತದೆ. ಅಲ್ಲಿ ಮೊಲವನ್ನು ನಾಯಿಯಿಂದ ಅಳೆದರು. ಇಲ್ಲಿ ನಾಯಿಯನ್ನು ಹಂದಿಯಿಂದ ಅಳೆದರು. ಎರಡರಲ್ಲಿಯೂ ಪ್ರಾಣಿಯ ಬೆಲೆ ಅದರ ಮೈಯಲ್ಲಿಲ್ಲ, ಅದರ ಇದಿರಾಳಿಯಲ್ಲಿದೆ. ಆತಕೂರಿನ ಕಲ್ಲು ಒಂಟಿಯೂ ಅಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೇಲಾಗಾಣಿಯಲ್ಲಿಯೂ ಹಂದಿಬೇಟೆಯ ನಾಯಿಯನ್ನು ನೆನೆಯುವ ಕಲ್ಲಿದೆ. ಅಲ್ಲಂತೂ ಕೊಂದ ಹಂದಿಗಳ ಲೆಕ್ಕವನ್ನೇ ಕೊಟ್ಟಿದೆ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಮುಳಬಾಗಿಲಿನ ಜೊತೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಸನಗಳೂ ಸೇರಿವೆ. ಇವೆಲ್ಲ ಆಗ ಕೋಲಾರ ಜಿಲ್ಲೆಗೇ ಸೇರಿದ ತಾಲ್ಲೂಕುಗಳು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು ೨೦೦೭ರಲ್ಲಿ. ನಂದಿಯ ಸಾಲಿನಿಂದ ಮೂಡಣಕ್ಕೆ ಹರಡಿದ ಈ ಸೀಮೆಯ ನೆಲ ಒಂದೇ ತೆರನಾದುದು: ಬೋಳುಬಂಡೆಯ ಗುಡ್ಡ, ಗುಡ್ಡದ ಬುಡದಲ್ಲಿ ಕುರುಚಲು, ಕುರುಚಲಿನ ಅಂಚಿಗೆ ಹೊಲ. ಹಂದಿ ಹಗಲೆಲ್ಲ ಕುರುಚಲಿನಲ್ಲಿ ಮಲಗಿ ರಾತ್ರಿ ಹೊಲಕ್ಕಿಳಿಯುವ ನಾಡಿನಲ್ಲಿ ಒಳ್ಳೆಯ ನಾಯಿ ಅರಮನೆಯ ಭೋಗವಸ್ತು ಮಾತ್ರವಲ್ಲ, ಒಕ್ಕಲಿನ ಅಗತ್ಯವೂ ಹೌದು. ಇಂಥ ನೆಲದಲ್ಲಿ ಊರಿನ ಹುಟ್ಟುಕಥೆಗೆ ನಾಯಿ ಒರೆಗಲ್ಲಾದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಟೆರಿಯರಿನ ವಿಷಯ. ಈ ಹೆಸರು ನೆಲವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದುದು. ನರಿ, ಬಿಲಕರಡಿ ಮೊದಲಾದವುಗಳ ಬಿಲವನ್ನು ಹೊಕ್ಕು ಅವನ್ನು ಹೊರಡಿಸುವ ಸಣ್ಣ ನಾಯಿಗೆ ಈ ಹೆಸರು ಸಲ್ಲುತ್ತದೆ. ೧೪೮೬ರಲ್ಲಿ ಅಚ್ಚಾದ ಸೇಂಟ್ ಆಲ್ಬನ್ಸ್ ಗ್ರಂಥದ ನಾಯಿಗಳ ಪಟ್ಟಿಯಲ್ಲಿ ಇದು ಸೇರಿದೆ. ೧೫೭೦ರಲ್ಲಿ ಇಂಗ್ಲೆಂಡಿನ ನಾಯಿಗಳನ್ನು ಕುರಿತು ಲ್ಯಾಟಿನಿನಲ್ಲಿ ಬರೆದ ಕೇಯಸ್ ಎಂಬ ವೈದ್ಯನು ನಾಯಿಗಳನ್ನು ರೂಪದಿಂದಲ್ಲದೆ ಅವು ಮಾಡುವ ಕೆಲಸದಿಂದ ವಿಂಗಡಿಸಿ, ಬಿಲಕ್ಕೆ ನುಗ್ಗುವವನ್ನೆಲ್ಲ ಒಂದು ಬಗೆಯಾಗಿ ಎಣಿಸಿದ್ದಾನೆ. ಆಗ ಟೆರಿಯರ್ ಎಂಬುದು ಜಾತಿಯ ಹೆಸರಾಗಿರಲಿಲ್ಲ, ಕಸುಬಿನ ಹೆಸರಾಗಿತ್ತು. ಆತಕೂರಿನ ಕಲ್ಲನ್ನು ನಿಲ್ಲಿಸಿದವರಿಗೂ ಕೇಯಸನಿಗೂ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟುವಂತಿರಲಿಲ್ಲ.

ಭೇದ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಪ್ರದರ್ಶನಗಳು ಮೊದಲಾದ ಮೇಲೆ. ೧೮೫೯ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ನಡೆದ ಪ್ರದರ್ಶನವನ್ನು ಇಂದಿನ ಬಗೆಯ ಪ್ರದರ್ಶನಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿದ್ದುದು ಪಾಯಿಂಟರ್, ಸೆಟರ್ ಎಂಬ ಎರಡು ಬಗೆಯ ಬೇಟೆನಾಯಿಗಳು ಮಾತ್ರ. ಒಂದು ಬಗೆಗೆ ತೀರ್ಪುಗಾರನಾಗಿದ್ದವನ ನಾಯಿ ಇನ್ನೊಂದು ಬಗೆಯಲ್ಲಿಯೂ, ಅಲ್ಲಿಯ ತೀರ್ಪುಗಾರನ ನಾಯಿ ಇಲ್ಲಿಯೂ ಬಹುಮಾನ ಪಡೆದುವೆಂಬುದು ಆ ಪ್ರಥಮ ಪ್ರದರ್ಶನದ ಒಂದು ನಗೆಗೀಡಾದ ಸಂಗತಿ. ೧೮೭೩ರಲ್ಲಿ ಲಂಡನ್ನಿನಲ್ಲಿ ಕೆನ್ನೆಲ್ ಕ್ಲಬ್ಬು ಸ್ಥಾಪಿತವಾಯಿತು. ೧೮೭೬ರಲ್ಲಿ ಫಾಕ್ಸ್ ಟೆರಿಯರ್ ಸಂಘವು ಏರ್ಪಟ್ಟು ಆ ನಾಯಿಯ ಆದರ್ಶಲಕ್ಷಣಗಳನ್ನು ಬರೆದಿಟ್ಟಿತು. ಚಾರ್ಲ್ಸ್ ಕ್ರಫ್ಟನು ೧೮೮೬ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ನಡೆಸಿದ, ಮುಂದೆ ಜಗತ್ಪ್ರಸಿದ್ಧವಾದ ಪ್ರದರ್ಶನಮಾಲೆಗೆ ಮೊದಲಾದ, ಕೂಟವು ಟೆರಿಯರುಗಳಿಗೇ ಮೀಸಲಾಗಿತ್ತು: ೫೭ ತರಗತಿಗಳು, ಸುಮಾರು ೬೦೦ ನಾಯಿಗಳು.

ಆ ಕಣದಲ್ಲಿ ತೀರ್ಪು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಏಕೆಂದರೆ ಅದನ್ನು ಬರಿಯ ಶೃಂಗಾರದ ಸ್ಪರ್ಧೆಯೆಂದು ತಿಳಿಯುವವರುಂಟು. ಸಣ್ಣ ನಾಯಿಯಾದುದರಿಂದ ಟೆರಿಯರನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ತೀರ್ಪುಗಾರನು ಹಲ್ಲುಗಳ ಜೋಡಣೆಯನ್ನು ನೋಡುತ್ತಾನೆ, ದವಡೆಯನ್ನು ಮುಟ್ಟುತ್ತಾನೆ, ಕಣ್ಣು ಚಿಕ್ಕದಾಗಿ ಕಪ್ಪಾಗಿ ಒಳಸೇರಿದೆಯೇ ಎಂದು ಪರೀಕ್ಷಿಸುತ್ತಾನೆ, ಮೈಗೂದಲನ್ನು ಬೆರಳಿನಿಂದ ಹಿಂದಕ್ಕೆ ಸವರಿ ಅದರ ಬಿರುಸನ್ನು ಅರಿಯುತ್ತಾನೆ. ಬಳಿಕ ನಾಯಿಯನ್ನು ನೆಲದ ಮೇಲೆ ನೇರವಾಗಿಯೂ ಸುತ್ತಾಗಿಯೂ ನಡೆಸಿ, ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ಕಾಲುಗಳ ಚಲನೆಯನ್ನು ನೋಡುತ್ತಾನೆ. ಎರಡು ಮೂರು ನಾಯಿಗಳನ್ನು ಸ್ವಲ್ಪ ದೂರದಲ್ಲಿ ಇದಿರುಬದಿರಾಗಿ ನಿಲ್ಲಿಸಿ, ಯಾವುದು ಕುತ್ತಿಗೆಯೆತ್ತಿ ಬಾಲವನ್ನು ನಿಮಿರಿಸಿ ನಿಲ್ಲುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂದು ಗಮನಿಸುವ ಕ್ರಮವೂ ಟೆರಿಯರುಗಳಲ್ಲಿ ರೂಢವಾಗಿದೆ. ಕೋಡಿಮಂಚೇನಹಳ್ಳಿಯ ಮೊಲವು ಈ ಕಡೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತಿತ್ತು.

ಈ ಒಂದೊಂದು ಲಕ್ಷಣದ ಹಿಂದೆಯೂ ಬಿಲದ ನೆನಪಿದೆ. ಕೂದಲು ಬಿರುಸಾಗಿ ದಟ್ಟವಾಗಿರಬೇಕಾದುದು ಮುಳ್ಳಿಗೂ ತೇವಕ್ಕೂ. ಕಣ್ಣು ಒಳಸೇರಿರಬೇಕಾದುದು ಮಣ್ಣಿಗೂ ನರಿಯ ಹಲ್ಲಿಗೂ. ಮೈ ಬಿಳಿದಾಗಿದ್ದರೆ, ಬಿಲದಿಂದ ಹೊರಬರುವ ನಾಯಿಯನ್ನು ದೊಡ್ಡ ಬೇಟೆನಾಯಿಗಳು ನರಿಯೆಂದು ಭ್ರಮಿಸಿ ಹರಿದುಹಾಕುವುದಿಲ್ಲ. ಜ್ಯಾಕ್ ರಸೆಲ್ ಬಗೆಯ ಟೆರಿಯರಿನಲ್ಲಿ ತೀರ್ಪುಗಾರನು ಭುಜದ ಹಿಂದೆ ಎದೆಯನ್ನು ಎರಡು ಕೈಗಳಿಂದಲೂ ಬಳಸಿ ಹಿಡಿದುನೋಡುವುದುಂಟು. ಸಾಧಾರಣ ಗಾತ್ರದ ಕೈಗಳಿಗೆ ಆ ಎದೆ ಸಿಕ್ಕದಿದ್ದರೆ ನಾಯಿ ನರಿಯ ಬಿಲವನ್ನು ಹೊಗಲಾರದು. ಎರಡು ಕೈಗಳ ಈ ಸುತ್ತು ಬಿಲದ ಬಾಯಿಯ ಪ್ರತಿನಿಧಿ.

ಫಾಕ್ಸ್ ಟೆರಿಯರಿಗೆ ಬಹುಕಾಲ ಬಳಕೆಯಲ್ಲಿದ್ದ ಅಂಕಗಳ ಪಟ್ಟಿಯೊಂದರಲ್ಲಿ ನೂರಕ್ಕೆ ತಲೆ ಕಿವಿಗಳಿಗೆ ೧೫, ಕುತ್ತಿಗೆಗೆ ೫, ಭುಜ ಎದೆಗಳಿಗೆ ೧೦, ಬೆನ್ನು ಸೊಂಟಗಳಿಗೆ ೧೦, ಹಿಂಭಾಗಕ್ಕೆ ೧೫, ಬಾಲಕ್ಕೆ ೫, ಕಾಲು ಪಾದಗಳಿಗೆ ೧೫, ಕೂದಲಿಗೆ ೧೫, ಒಟ್ಟು ಹೊಂದಿಕೆ ಗಾತ್ರ ಸ್ವಭಾವ ಇವು ಮೂರಕ್ಕೂ ಸೇರಿ ೧೦ ಎಂದಿದೆ. ಕೆಲಸಕ್ಕಾಗಿ ಹುಟ್ಟಿದ ನಾಯಿಯ ಸ್ವಭಾವಕ್ಕೆ ಸಲ್ಲುವುದು ಹತ್ತರಲ್ಲಿ ಒಂದು ಪಾಲು. ಇದನ್ನು ಪಟ್ಟಿಯ ದೋಷವೆನ್ನುವುದು ನ್ಯಾಯವಲ್ಲ. ಕಣದಲ್ಲಿ ಬಿಲವಿಲ್ಲ, ನರಿಯಿಲ್ಲ. ಇರುವುದು ನಾಯಿಯ ಮೈ. ಆ ಮೈಯಿಂದ ಕೃತ್ಯವನ್ನು ಊಹಿಸಬೇಕಾದ ತೀರ್ಪುಗಾರನು ಅನುಮಾನಪ್ರಮಾಣವನ್ನು ಹಿಡಿದವನು. ಆತಕೂರಿನವರು ಪ್ರತ್ಯಕ್ಷಪ್ರಮಾಣವನ್ನು ಹಿಡಿದವರು. ತೊಡಕು ಹುಟ್ಟುವುದು ಅನುಮಾನಕ್ಕೆ ಆಧಾರವಾದ ವ್ಯಾಪ್ತಿಯೇ ಸಡಿಲವಾದಾಗ. ಹಲವು ತಲೆಮಾರುಗಳವರೆಗೆ ಬಿಲವನ್ನೇ ಕಾಣದ ನಾಯಿಗಳಲ್ಲಿ ತಲ�ೆ ಉದ್ದವಾದುದಕ್ಕೂ ಕೆಚ್ಚಿಗೂ ನಂಟಿದೆಯೆಂದು ಯಾರು ಹೇಳಬಲ್ಲರು?

ಈ ಸಂದೇಹ ಇಂಗ್ಲೆಂಡಿನಲ್ಲಿಯೇ ಮೊದಲು ತಲೆದೋರಿತು. ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (೧೭೯೫-೧೮೮೩) ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡು, ಅದರಿಂದ ತನ್ನ ಟೆರಿಯರುಗಳ ವಂಶವನ್ನು ಬೆಳೆಸಿದನು. ಇವನು ಕೆನ್ನೆಲ್ ಕ್ಲಬ್ಬಿನ ಮೊದಲ ಸದಸ್ಯರಲ್ಲಿ ಒಬ್ಬನು. ಪ್ರದರ್ಶನದಲ್ಲಿ ಫಾಕ್ಸ್ ಟೆರಿಯರುಗಳಿಗೆ ತೀರ್ಪುಗಾರನೂ ಆಗಿದ್ದನು. ಆದರೆ ತನ್ನ ನಾಯಿಗಳನ್ನು ಮಾತ್ರ ಕಣಕ್ಕಿಳಿಸಲಿಲ್ಲ. ನರಿಯನ್ನು ಬಿಲದಲ್ಲಿಯೇ ಕೊಲ್ಲುವ ಟೆರಿಯರ್ ಅವನಿಗೆ ಬೇಡವಾಗಿತ್ತು. ಬೊಗಳಿ ಕಾಡಿ ಹೊರಡಿಸಬೇಕು, ಕೊಲ್ಲಬಾರದು. ಕೊಂದರೆ ಹೊರಗೆ ಕುದುರೆಗಳ ಮೇಲೆ ಕಾದುನಿಂತವರ ಬೇಟೆ ಕೆಡುತ್ತದೆ. ಈ ಹದವರಿತ ಗುಣವನ್ನು ಮೇಜಿನ ಮೇಲೆ ಯಾವ ಕೈಯೂ ಮುಟ್ಟಿ ತಿಳಿಯಲಾರದು. ಅವನ ಹೆಸರಿನ ಟೆರಿಯರುಗಳನ್ನು ಸಾಕಿದವರಲ್ಲಿ ಹಲವರು ಪ್ರದರ್ಶನದಿಂದ ನಾಯಿ ಕೆಡುವುದೆಂದು ಹೆದರಿ ಬಹುಕಾಲ ಮಾನ್ಯತೆಯನ್ನು ವಿರೋಧಿಸಿದರು. ಇಂಗ್ಲೆಂಡಿನ ಕೆನ್ನೆಲ್ ಕ್ಲಬ್ಬು ಉದ್ದಕಾಲಿನ ಬಗೆಯನ್ನು ಅಂಗೀಕರಿಸಿದುದು ೧೯೯೦ರಲ್ಲಿ. ಕುಳ್ಳ ಬಗೆಯನ್ನು ೨೦೧೬ರಲ್ಲಿ.

ಟೆರಿಯರ್ ನಾಯಿ ಕನ್ನಡನಾಡಿಗೆ ಬಂದುದು ಇಂಗ್ಲಿಷರ ದಂಡಿನೊಡನೆ. ದಂಡಿನ ಅಧಿಕಾರಿಗಳು ಜಾತಿನಾಯಿ, ಬೆರಕೆನಾಯಿ, ದೇಶದ ನಾಯಿ ಎಲ್ಲವನ್ನೂ ಕೂಡಿಸಿ ಗುಳ್ಳೆನರಿಯ ಬೇಟೆಗೆ ಹೋಗುತ್ತಿದ್ದರು. ಇಂಥ ಹಿಂಡಿಗೆ 'ಬಾಬರಿ ಪ್ಯಾಕ್' ಎಂದು ಹೆಸರು. ಹಿಂದುಸ್ತಾನಿಯ 'ಬಾಪ್ ರೇ' ಎಂಬ ಉದ್ಗಾರವೇ ಇಂಗ್ಲಿಷರ ಬಾಯಲ್ಲಿ ಹೀಗಾಯಿತೆಂದು ಕೋಶಕಾರರ ಮತ. ಅಂಕಗಳ ಪಟ್ಟಿಯನ್ನು ಬರೆದ ಜನವೇ ಇಲ್ಲಿ ಜಾತಿಯನ್ನು ಮರೆತು ಕೆಲಸವನ್ನು ನೋಡಿತು.

ಅತ್ತ ಈ ನಾಡಿನದೇ ಆದ ಬೇಟೆನಾಯಿ ಕಣಕ್ಕೆ ಬಂದ ಕಥೆ ಮುಧೋಳದ್ದು. ಅಲ್ಲಿಯ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸೀಮೆಯ ಬೇಡರೂ ಒಕ್ಕಲುಮಕ್ಕಳೂ ಸಾಕಿಕೊಂಡು ಬಂದಿದ್ದ, ಉದ್ದಮೂತಿಯ, ತೆಳುಮೈಯ, ಕಣ್ಣಿನಿಂದ ಕಂಡು ಓಟದಿಂದ ಹಿಡಿಯುವ ನಾಯಿಗಳನ್ನು ಆರಿಸಿ ಬೆಳೆಸಿ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ನಾಯಿಗೆ ಆ ಊರಿನ ಹೆಸರು ನಿಂತಿತು. ೨೦೦೫ರಲ್ಲಿ ಅಂಚೆಯ ಇಲಾಖೆಯು ದೇಶದ ನಾಲ್ಕು ಜಾತಿನಾಯಿಗಳ ಚೀಟಿಗಳನ್ನು ಹೊರಡಿಸಿದಾಗ ಮುಧೋಳದ್ದೂ ಅವುಗಳಲ್ಲಿ ಒಂದಾಗಿತ್ತು. ಆದರೆ ಭಾರತದ ಕೆನ್ನೆಲ್ ಕ್ಲಬ್ಬಿನ ದಾಖಲೆಯಲ್ಲಿ ಈ ಬಗೆಗೆ 'ಕ್ಯಾರವಾನ್ ಹೌಂಡ್' ಎಂದು ಬೇರೆ ಹೆಸರು. ಎರಡು ಹೆಸರು, ಒಂದು ನಾಯಿ. ಯಾವುದರ ಲಕ್ಷಣಪಟ್ಟಿ ಪ್ರಮಾಣ, ಯಾವ ನಾಯಿ ಶುದ್ಧ ಎಂಬ ವಾದಕ್ಕೆ ಇಷ್ಟು ಸಾಕು. ಆರಿಸಿದವರು ಅರಸರಾದರೂ, ಅವರ ಕೈಗೆ ಬರುವ ಮುಂಚೆ ತಲೆಮಾರುಗಳಿಂದ ಈ ನಾಯನ್ನು ಪರೀಕ್ಷಿಸುತ್ತಿದ್ದುದು ಬಯಲಿನ ಮೊಲ. ಅಲ್ಲಿ ತಪ್ಪಿದ ನಾಯಿಯ ಮರಿಗಳನ್ನು ಯಾರೂ ಬೇಡುತ್ತಿರಲಿಲ್ಲ.

ಆ ಪರೀಕ್ಷೆ ಇಂದು ಮುಚ್ಚಿದೆ. ೧೯೭೨ರ ವನ್ಯಜೀವಿಸಂರಕ್ಷಣೆಯ ಕಾನೂನು ಬೇಟೆಯನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ೨೦೦೪ರ ಕಾನೂನು ನಾಯಿಗಳಿಂದ ನರಿಯ ಬೇಟೆಯಾಡಿಸುವುದನ್ನು ತಡೆದು, ಬಿಲದೊಳಗೆ ಟೆರಿಯರನ್ನು ಬಿಡುವುದಕ್ಕೆ ಬಹು ಬಿಗಿಯಾದ ಕಟ್ಟಳೆಗಳನ್ನು ವಿಧಿಸಿತು. ಕಾನೂನು ಸರಿಯಾದುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಶ್ವಾನಪರೀಕ್ಷೆಯ ಇತಿಹಾಸದಲ್ಲಿ ಒಂದು ವಿಚಿತ್ರವಾದ ಪರಿಸ್ಥಿತಿ ಒದಗಿದೆ. ಹಿಂದೆ ರೂಪವು ಕೃತ್ಯಕ್ಕೆ ಸಾಕ್ಷಿಯಾಗಿತ್ತು, ಸಂದೇಹವಿದ್ದರೆ ಕೃತ್ಯವನ್ನೇ ಕರೆದು ಕೇಳಬಹುದಾಗಿತ್ತು. ಈಗ ಸಾಕ್ಷಿ ಮಾತ್ರ ಉಳಿದಿದೆ. ಕಣದಲ್ಲಿ ತೀರ್ಪುಗಾರನು ಟೆರಿಯರಿನ ಎದೆಯನ್ನು ಕೈಗಳಿಂದ ಬಳಸಿದಾಗ ಅವನು ಅಳೆಯುವುದು ಯಾವ ನಾಯಿಯೂ ಇನ್ನು ಹೊಗಬೇಕಾಗಿಲ್ಲದ ಒಂದು ಬಿಲವನ್ನು. ಶಾಸನವನ್ನು ಓದುವವನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅವನ ಮುಂದೆಯೂ ಇರುವುದು ಕಲ್ಲು ಮಾತ್ರ, ಹಂದಿಯೂ ನಾಯಿಯೂ ಇಲ್ಲ.

ಆತಕೂರಿನ ಕಲ್ಲಿನಲ್ಲಿ ಇನ್ನೊಂದು ಮಾತು ಉಳಿದಿದೆ, ಅದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದುದು. ದಾನವನ್ನು ಕೆಡಿಸಿದವರಿಗೆ ಶಾಪವನ್ನು ಹೇಳುವುದು ಶಾಸನಗಳ ಪದ್ಧತಿ. ಆ ಶಾಪಗಳು ಹೆಚ್ಚಾಗಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಮಾದರಿಯವು. ಇಲ್ಲಿ ಹಾಗಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದಿದೆ. ಈ ಗೊರವನನ್ನು, ಇಂದು ನಾಯಂತೆ ಬೊಗಳಿ ದೋಣಿಯಲ್ಲಿ ಉಣ್ಣುವ ಮೈಲಾರನ ಗೊರವನೆಂದು ತಿಳಿದು ಸಂತೋಷಪಡುವ ಆಸೆ ಹುಟ್ಟುವುದು ಸಹಜ; ಆದರೆ ಹತ್ತನೆಯ ಶತಮಾನದ ಶಾಸನಭಾಷೆಯಲ್ಲಿ ಗೊರವನೆಂದರೆ ಶೈವ ತಪಸ್ವಿ, ಗುಡಿಯ ಸ್ಥಾನಾಧಿಪತಿ. ಅವನಿಗೆ ಹಾಕಿದ ಕಟ್ಟಳೆಯೇ ವಿಚಾರಾರ್ಹ. ಕಾಳಿಯ ಪರಾಕ್ರಮಕ್ಕೆ ಕಲ್ಲನ್ನೂ ಭೂಮಿಯನ್ನೂ ಪೂಜೆಯನ್ನೂ ಕೊಟ್ಟ ಆ ಜನರು, ಅದೇ ಪರಾಕ್ರಮದಲ್ಲಿ ಕೊಲೆಯ ಪಾಪವೂ ಇದೆಯೆಂಬುದನ್ನು ಅದೇ ಕಲ್ಲಿನ ಮೇಲೆ ಬರೆಯಿಸಿದರು; ಪೂಜೆ ನಡೆಯುವವರೆಗೆ ಆ ಪಾಪ ಕಲ್ಲಿನಲ್ಲಿಯೇ ನಿಲ್ಲುತ್ತದೆ, ನಿಂತರೆ ಗೊರವನ ತಟ್ಟೆಗೆ ಬರುತ್ತದೆ.